ಸುಮ್ಮನಿದ್ದರೆ ಒಪ್ಪಿಗೆ

ಮಾಲವಣಿ, ಮಲಾಡ್
೧೧ ಫೆಬ್ರವರಿ ೨೦೨೪

ಹಿರಿಯ ಮಗಳು ಶಾಹೀನಳಿಗೆ ಅಮ್ಮನ ಸಲಾಮು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ಮಲಾಡಿನಿಂದ ಲೋಕಲ್ ಹತ್ತಿದರೆ ಒಲೆಯ ಮೇಲಿನ ಬೇಳೆ ಬೇಯುವುದರೊಳಗೆ ಬಾಂದ್ರಾದ ನಿನ್ನ ನರ್ಸ್ ಹಾಸ್ಟೆಲಿನ ಬಾಗಿಲಲ್ಲಿ ನಿಲ್ಲಬಹುದು. ಫೋನ್ ಅಂತೂ ಕೈಯಲ್ಲೇ ಇದೆ. ಆದರೆ ನಿನ್ನ ಸಂಗಡ ಮಾತಾಡುವುದಿಲ್ಲ ಎಂದು ಆಣೆ ಮಾಡಿದ್ದೇನೆ. ಬರೆಯುವುದಿಲ್ಲ ಎಂದು ಮಾಡಿಲ್ಲ. ಕಾಯಿದೆಯಲ್ಲಿ ಸಂದು ಹುಡುಕುವುದನ್ನು ನಿನ್ನಿಂದಲೇ ಕಲಿತೆ.

ನಿನ್ನ ಅಬ್ಬಾಗೆ ಮೊಣಕಾಲು ನೋವು ಹೆಚ್ಚಾಗಿದೆ, ಆದರೂ ರಿಕ್ಷಾ ಓಡಿಸುವುದು ಬಿಟ್ಟಿಲ್ಲ. ನೀನು ಮನೆ ಬಿಟ್ಟು ಹೋದದ್ದು ಡ್ಯೂಟಿ ಬದಲಾಗಿದ್ದಕ್ಕೆ ಎಂದು ಹೇಳಿದ್ದೇನೆ, ಪಾಪ, ನಂಬಿದ್ದಾರೆ. ನಾನು ಬೈದು ಓಡಿಸಿದೆ ಎಂದು ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಆ ಯಾಕೆ ಎಂಬುದನ್ನು ತಡೆಯುವ ಎದೆ ಅವರದಲ್ಲ.

ನಿನ್ನ ಹಾಸಿಗೆಯಲ್ಲಿ ಈಗ ನಿನ್ನ ತಂಗಿ ಮಲಗುತ್ತಾಳೆ. ಕಳೆದ ತಿಂಗಳು ಅವಳ ಅತ್ತೆ ಬಂದು ದಿಲನಾಜಳನ್ನು ಬಟ್ಟೆಯ ಗಂಟಿನ ಸಮೇತ ಬಾಗಿಲಲ್ಲಿ ಇಳಿಸಿ ಹೋದದ್ದು ನಿನ್ನ ಕಣ್ಣೆದುರಿಗೇ ನಡೆಯಿತು. ಬರಡು ಎಮ್ಮೆಗೆ ಎಷ್ಟು ದಿನ ಹಿಂಡಿ ಹಾಕುವುದು ಎಂದು ಕೇಳಿದಳು ಆಕೆ, ಚಾಳಿನವರೆಲ್ಲ ಕೇಳುವ ಹಾಗೆ. ಮದುವೆಯಾದಾಗಿನಿಂದ ಯಾರದೋ ಕಷಾಯ, ಯಾರದೋ ತಾಯಿತ. ನಾದಿನಿಯ ಕೂಸಿಗೆ ಹೆಸರಿಡುವ ದಿನ ತೊಟ್ಟಿಲು ಮುಟ್ಟಬೇಡ ಎಂದು ಇವಳನ್ನು ಪಾತ್ರೆ ತೊಳೆಯಲು ಕೂಡಿಸಿದರು. ಡಾಕ್ಟರಮ್ಮ ಇವಳಿಗೆ, ನಿನ್ನಲ್ಲಿ ಏನೂ ದೋಷವಿಲ್ಲ, ಗಂಡನನ್ನು ಕರೆದುಕೊಂಡು ಬಾ ಎಂದಿದ್ದರು. ಅವನು ಬರಲಿಲ್ಲ. ಯಾಕೆ ಬಂದಾನು? ಅವನಿಗೆ ಗೊತ್ತಿತ್ತು. ನಿನಗೂ ಗೊತ್ತಿತ್ತು.

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಚೆಂದ ಬರೆಯುತ್ತೀ, ನಮ್ಮ ಕನ್ನಡ ಸಾಲೆಯ ಮಾಸ್ತರರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಅಲ್ತಾಫ ಬೈಕಿನಿಂದ ಬಿದ್ದು ನಿಮ್ಮ ವಾರ್ಡಿಗೆ ಬಂದದ್ದು, ಆಪರೇಷನ್ ಆದದ್ದು, ಇನ್ನು ನಿನಗೆ ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಅವನಿಗೆ ಹೇಳುವಾಗ ನೀನು ಪಟ್ಟಿ ಕಟ್ಟುತ್ತಾ ಪಕ್ಕದಲ್ಲೇ ನಿಂತಿದ್ದದ್ದು, ಎಲ್ಲ ಬರೆದಿದ್ದೀ. ವರ್ಷ ಕಳೆದು ಅದೇ ಹುಡುಗ ದಿಲನಾಜಳನ್ನು ನೋಡಲು ನಮ್ಮ ಮನೆಗೆ ಬಂದ. ಚಹಾದ ಕಪ್ಪು ಕೊಟ್ಟವಳು ನೀನೇ. ಅವನು ನಿನ್ನನ್ನು ಗುರುತಿಸಿದ, ನೀನೂ ಅವನನ್ನು ಗುರುತಿಸಿದೆ, ಇಬ್ಬರೂ ಸಕ್ಕರೆ ಸಾಕೇ, ಸಾಕು ಎಂದು ಮಾತಾಡಿಕೊಂಡಿರಿ. ಆ ಚಹಾ ಮಾಡಿದವಳು ನಾನು.

ರೋಗಿಯ ಗುಟ್ಟು ರೋಗಿಯದೇ ಎಂದು ದೀಪ ಹಿಡಿದು ಪ್ರತಿಜ್ಞೆ ಮಾಡಿದ್ದೀಯಂತೆ. ಹೇಳಿದರೆ ನೋಂದಣಿ ರದ್ದಾಗಬಹುದಂತೆ. ಅಂಟುವ ರೋಗವಾಗಿದ್ದರೆ, ಇನ್ನೊಬ್ಬರ ಜೀವಕ್ಕೆ ಕುತ್ತಾಗಿದ್ದರೆ ಮೇಲಿನವರನ್ನು ಕೇಳಿ ದಾರಿ ಹುಡುಕಬಹುದಿತ್ತಂತೆ, ಇದು ಹಾಗಲ್ಲವಂತೆ. ನಿನ್ನ ತಂಗಿ ಪಾತ್ರೆಯ ಮುಂದೆ ಕುಳಿತು ತೊಟ್ಟಿಲ ಹಾಡು ಕೇಳಿದಳಲ್ಲ, ಅದು ಜೀವಕ್ಕೆ ಕುತ್ತಲ್ಲವೇ? ನಿಮ್ಮ ಪುಸ್ತಕದಲ್ಲಿ ಜೀವ ಎಂದರೆ ನಾಡಿ ಮಾತ್ರವೇ? ಮನೆಗೆ ಮಾರಿ, ಪರರಿಗೆ ಉಪಕಾರಿ ಎಂಬ ಗಾದೆ ಕಟ್ಟಿದವರು ನಿನ್ನನ್ನೇ ನೋಡಿರಬೇಕು.

ಅವನನ್ನು ಹೊರಗೆ ಕರೆದು, ನೀವೇ ನನ್ನ ತಂಗಿಗೆ ಹೇಳಿ ಎಂದು ಕೈ ಮುಗಿದೆ ಎನ್ನುತ್ತೀ. ಹೇಳುತ್ತೇನೆ ಎಂದನಂತೆ. ನೀನು ನಂಬಿದೆಯಂತೆ. ಹಾಲಿಗೆ ಬೆಕ್ಕನ್ನು ಕಾವಲು ಇಟ್ಟು ನೀನು ಡ್ಯೂಟಿಗೆ ಹೋದೆ.

ಇನ್ನು ನನ್ನ ಮಾತು. ಆವತ್ತು ಅವರು ಹೋದ ಮೇಲೆ ನಾನು ನಿನ್ನನ್ನು ಅಡುಗೆಮನೆಗೆ ಕರೆದು ಕೇಳಲಿಲ್ಲವೇ? ನೆರೆಹೊರೆಯವರು ಹುಡುಗನ ವಿಚಾರಣೆಗೆ ಮಸೀದಿಯ ಮುಂದೆ, ಪಾನ್ ಅಂಗಡಿಯ ಮುಂದೆ ನಿಲ್ಲುತ್ತಾರೆ. ನನ್ನ ಮನೆಯಲ್ಲೇ ನರ್ಸ್ ಇದ್ದಾಳೆ ಎಂದು ನನಗೆ ಹೆಮ್ಮೆ. "ಹುಡುಗ ಆರಾಮ ಅದಾನಿಲ್ಲ? ಬ್ಯಾಡ ಅನ್ನೂದಿದ್ದರ ಈಗ ಅನ್ನು" ಎಂದು ಕೇಳಿದೆ. ನೀನು ತಲೆ ತಗ್ಗಿಸಿದೆ. ಕಣ್ಣಲ್ಲಿ ನೀರು ಬಂತು. ಬಾಯಿಂದ ಒಂದು ಅಕ್ಷರ ಬರಲಿಲ್ಲ.

ನಾನು ನಿಕಾಹ್ ಕಂಡವಳು, ಆಸ್ಪತ್ರೆ ಕಂಡವಳಲ್ಲ. ನಮ್ಮಲ್ಲಿ ಹುಡುಗಿಯ ಪರವಾಗಿ ನಿಂತ ವಕೀಲ ಸಾಕ್ಷಿಗಳ ಜೊತೆ ಬಂದು ಖಬೂಲೇ, ಒಪ್ಪಿಗೆಯೇ ಎಂದು ಕೇಳಿದಾಗ ಹುಡುಗಿ ತಲೆ ತಗ್ಗಿಸಿ ಅತ್ತರೆ ಅದೇ ಒಪ್ಪಿಗೆ. ನನ್ನ ನಿಕಾಹಿನಲ್ಲಿ ನಾನೂ ಬಾಯಿ ಬಿಡಲಿಲ್ಲ. ತಂಗಿ ಮನೆ ಬಿಡುತ್ತಾಳೆಂದು ಅಳುತ್ತಿದ್ದೀ ಎಂದುಕೊಂಡು ನಾನೂ ಎರಡು ಹನಿ ಸುರಿಸಿ, ಹೊರಗೆ ಬಂದು ನಿನ್ನ ಅಬ್ಬಾಗೆ ಹೇಳಿದೆ, ಶಾಹೀನ ಸುಮ್ಮನಿದ್ದಾಳೆ, ಒಪ್ಪಿದ್ದಾಳೆ ಅಂತ. ನಿನ್ನ ಕಾಯಿದೆಯಲ್ಲಿ ಮೌನ ಎಂದರೆ ಬೇಡ ಎಂಬ ಅರ್ಥ ಇರಬಹುದೆಂದು ನನಗೆ ಹೇಗೆ ತಿಳಿಯಬೇಕು? ಒಂದು ಸಲ ತಲೆ ಅಲ್ಲಾಡಿಸಿದ್ದರೂ ಸಾಕಿತ್ತಲ್ಲ, ಮಗಳೇ. ಕುತ್ತಿಗೆಗೂ ನೋಂದಣಿ ಇದೆಯೇ?

ಕಳೆದ ತಿಂಗಳು ನೀನು ಡ್ಯೂಟಿಯಲ್ಲಿದ್ದ ದಿನ ಅಲ್ತಾಫ ಬಟ್ಟೆಯ ಇನ್ನೊಂದು ಗಂಟು ತಂದುಕೊಡಲು ಬಂದಾಗ ನಾನು ಅವನನ್ನು ಹಿಡಿದು ನಿಲ್ಲಿಸಿದೆ. ಡಾಕ್ಟರ ಹತ್ತಿರ ಯಾಕೆ ಬರುವುದಿಲ್ಲ ಎಂದು ಕೇಳಿದೆ. ಅವನು ದಿಲನಾಜಳ ಎದುರಿಗೇ ನಕ್ಕ. "ನಿಮ್ಮ ದೊಡ್ಡ ಮಗಳನ್ನ ಕೇಳ್ರಿ. ಆಕಿಗಿ ಎಲ್ಲಾ ಗೊತ್ತಿತ್ತು. ಆಕಿ ಸುಮ್ಮನಿದ್ದದ್ದು ನೋಡೇ ನಾನು ಹೂಂ ಅಂದದ್ದು" ಎಂದ. ನಿನ್ನ ಮೌನವನ್ನು ನಾನೊಬ್ಬಳೇ ಅಲ್ಲ, ಅವನೂ ಖಬೂಲ್ ಎಂದೇ ಓದಿಕೊಂಡ. ದಿಲನಾಜ ಅಳಲಿಲ್ಲ. ಒಳಗೆ ಹೋಗಿ ಅಕ್ಕಿ ಆರಿಸುತ್ತಾ ಕುಳಿತಳು. ಆ ರಾತ್ರಿ ನೀನು ಡ್ಯೂಟಿ ಮುಗಿಸಿ ಬಂದಾಗ ನಾನು ಬೈದು ಓಡಿಸಿದ್ದು ಇದಕ್ಕೇ.

ನಿನ್ನ ಮೇಲೆ ದೂರು ಕೊಡಲು ಆಸ್ಪತ್ರೆಗೂ ಹೋಗಿದ್ದೆ, ಅದು ನಿನಗೆ ಗೊತ್ತಿಲ್ಲ. ಹೆಸರು, ಕಾಯಿಲೆ ಏನೂ ಹೇಳದೆ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ ನರ್ಸಿಗೆ ಏನು ಶಿಕ್ಷೆ ಎಂದು ನಿಮ್ಮ ದೊಡ್ಡ ಸಿಸ್ಟರ್ ವಾರಿಜಾ ಅವರನ್ನು ಕೇಳಿದೆ. ಉಡುಪಿ ಕಡೆಯ ಹೆಂಗಸು, ತಣ್ಣಗೆ ಮಾತಾಡುತ್ತಾರೆ. "ಹೇಳಿದ್ರೆ ಶಿಕ್ಷೆ ಉಂಟು ಅಮ್ಮ, ಹೇಳದಿದ್ದದ್ದಕ್ಕೆ ಇಲ್ಲ. ನಾಳೆ ನಿಮ್ಮ ಮನೆಯದ್ದೇ ಒಂದು ಗುಟ್ಟು ನಮ್ಮ ಕೈಗೆ ಬಂತು ಅಂತ ಇಟ್ಕೊಳ್ಳಿ, ಆಗ ನಿಮಗೆ ಯಾವ ನರ್ಸ್ ಬೇಕು?" ಎಂದರು. ನನ್ನ ಮನೆಯಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ ಎಂದು ಹೇಳಿ ಎದ್ದು ಬಂದೆ.

ಈಗ ಕೆಲಸದ ಮಾತು. ಫೋರ್ಟಿನಲ್ಲಿ ವಿನೋದಿನಿ ಎಂಬ ವಕೀಲರನ್ನು ಹಿಡಿದಿದ್ದೇನೆ, ಕನ್ನಡದವರೇ. ಮುಚ್ಚಿಟ್ಟು ಮದುವೆಯಾದದ್ದು ಮೋಸ ಎಂದು ದಾವೆ ಬರೆದಿಟ್ಟಿದ್ದಾರೆ, ಸೋಮವಾರ ದಿಲನಾಜ ಸಹಿ ಮಾಡಬೇಕು. ಆಸ್ಪತ್ರೆಯ ಕಾಗದವನ್ನು ನಾವು ಕೇಳಿದರೆ ಕೊಡುವುದಿಲ್ಲ, ಜಡ್ಜ್ ಕೇಳಿದರೆ ಕೊಡಬೇಕಾಗುತ್ತದೆ ಎಂದರು. ಜಡ್ಜ್ ಹೇಳು ಎಂದರೆ ನರ್ಸ್ ಹೇಳಬೇಕು, ಹೇಳಿದ್ದಕ್ಕೆ ಅವಳ ಕೆಲಸವೂ ಹೋಗುವುದಿಲ್ಲವಂತೆ. ನಿನಗೆ ಸಮನ್ಸ್ ಬರುತ್ತದೆ. ಬಂದು ಕಟಕಟೆಯಲ್ಲಿ ನಿಂತು, ನನ್ನ ತಂಗಿ ಬಂಜೆಯಲ್ಲ ಎಂದು ಅವಳ ಅತ್ತೆಗೆ ಕೇಳಿಸುವ ಹಾಗೆ ಹೇಳು. ಅದೊಂದು ಹೇಳಿದರೆ ಮನೆಯ ಬಾಗಿಲು ನಿನಗೆ ತೆರೆದಿರುತ್ತದೆ. ಹೇಳದಿದ್ದರೆ, ನಾನು ಸತ್ತಾಗಲೂ ಬರಬೇಡ. ಮುಖ ನೋಡಲು ಬಂದರೂ ಬಾಗಿಲಲ್ಲೇ ತಡೆಯಿರಿ ಎಂದು ಹೇಳಿಟ್ಟು ಸಾಯುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹೆತ್ತ ತಪ್ಪಿಗೆ ಹರಸುತ್ತೇನೆ: ನಿನ್ನ ಕೈ ಮುಟ್ಟಿದ ಗಾಯ ಮಾಯಲಿ, ನೀನು ಕಾಪಾಡಿದ ಗುಟ್ಟೆಲ್ಲ ಮುಪ್ಪಿನಲ್ಲಿ ನಿನಗೆ ಜೊತೆಯಾಗಲಿ, ಅಲ್ಲಾಹ್ ನಿನ್ನನ್ನು ಸುಖವಾಗಿಡಲಿ.

ನಿನ್ನ ಅಮ್ಮ,
ಬೀಬೀಜಾನ

ತಾ.ಕ.: ಮೇಲಿನದು ಭಾನುವಾರ ಬರೆದದ್ದು. ಇವತ್ತು ಗುರುವಾರ. ಬರೆದದ್ದನ್ನು ಹರಿಯಲಿಲ್ಲ, ಪ್ರತಿ ಮಾತೂ ನಿನಗೆ ಸಲ್ಲತಕ್ಕದ್ದೇ. ಆದರೆ ಕೋರ್ಟಿಗೆ ಬರಬೇಡ. ದಿಲನಾಜ ಸಹಿ ಮಾಡಲಿಲ್ಲ. ಸೋಮವಾರ ಬೆಳಿಗ್ಗೆ ವಾಂತಿ ಮಾಡಿಕೊಂಡಳು, ಡಾಕ್ಟರಮ್ಮ ನೋಡಿ ಮೂರನೇ ತಿಂಗಳು ಎಂದರು.

ಯಾರದು ಎಂದು ಕೇಳಿದೆ. ತಲೆ ತಗ್ಗಿಸಿ ಸುಮ್ಮನಿದ್ದಳು. ಹೊಡೆದೆ, ಆಗಲೂ ಸುಮ್ಮನಿದ್ದಳು.

ನಿನ್ನ ಅಬ್ಬಾ ಚಾಳಿಗೆಲ್ಲ ಜಿಲೇಬಿ ಹಂಚಿದರು. ಸುದ್ದಿ ಮುಟ್ಟಿ ನಿನ್ನೆ ಅವಳ ಅತ್ತೆ ಬಳೆ, ಹಸಿರು ಸೀರೆ ತಂದು, ಬರಡು ಎಂದ ಬಾಯಿಂದಲೇ ನನ್ನ ಬಂಗಾರ ಎಂದಳು. ಆಕೆಗೆ ಏನೂ ಗೊತ್ತಿಲ್ಲ. ಅಲ್ತಾಫ ಮಾತ್ರ ನನ್ನನ್ನು ಮೆಟ್ಟಿಲ ಹತ್ತಿರ ಕರೆದು ಮೆಲ್ಲಗೆ ಹೇಳಿದ: "ಕೂಸು ನಂದ ಅಂತೀನಿ. ಇನ್ಮ್ಯಾಲ ಆಕಿ ನನ್ನ ಮನ್ಯಾಗ ಸಾಯೂತನಕ ಬಾಯಿ ತೆಗೀಬಾರದು. ತೆಗದರ, ಆಸ್ಪತ್ರಿ ಕಾಗದ ನಾನ ತಂದು ತೋರಿಸ್ತೀನಿ." ನಾನು ಹೂಂ ಎಂದೆ. ನಾಳೆ ಜುಮ್ಮಾ ನಮಾಜ್ ಮುಗಿಸಿ ಕರೆದುಕೊಂಡು ಹೋಗುತ್ತಾನೆ. ಸೀರೆ ಮಡಿಚಿ ಪೆಟ್ಟಿಗೆ ತುಂಬಿದವಳು ನಾನೇ, ಶಾಹೀನ. ನನ್ನ ಕೈಯಿಂದಲೇ.

ಅಕ್ಕನಾದ ನಿನಗೆ ಹೇಳಬೇಕೆಂದು ದಿಲನಾಜ ಒಂದೇ ಮಾತು ಆಡಿದ್ದಾಳೆ: "ಅವನದು ಹ್ಯಾಂಗ ಮುಚ್ಚಿಟ್ಟಳು, ನಂದೂ ಹಂಗ ಮುಚ್ಚಿಡಂತ ಆಪಾಗ ಬರೀ."

ಇದಕ್ಕೆ ಉತ್ತರ ಬರೆಯಬೇಡ. ನೀನು ಸುಮ್ಮನಿದ್ದರೆ ಒಪ್ಪಿಗೆ ಎಂದು ತಿಳಿಯುತ್ತೇನೆ.