ಚಿಲಕ ಹಾಕಿ ಹೋದ ರಾಚಪ್ಪಶೆಟ್ಟಿಯವರಿಗೆ

ಶಾಲಿವಾಹನ ಶಕ ೨೩೧೧, ಎರಡನೆಯ ಮಳೆಗಾಲದ ಹತ್ತನೆಯ ದಿನ.

ಸುಲ್ತಾನರ ಕಾಲದ ಹಿರೇಗೊಂಡಿ ಪೇಟೆಯ ರಾಚಪ್ಪಶೆಟ್ಟಿಯವರಿಗೆ, ತಮ್ಮ ಮಗಳ ವಂಶದ ನೀಲಾಂಬಿಕೆ ಬರೆಯುವುದು. ನಮ್ಮ ಕಾಲದ ಮಾತುಗಳು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ.

ನಮ್ಮಲ್ಲೂ ಅಂಟುಜ್ವರಗಳು ಬರುತ್ತವೆ. ಆಗ ರೋಗಿಯನ್ನು ಉಸಿರುಮನೆಗೆ ಒಯ್ಯುತ್ತೇವೆ; ಗಾಳಿಯನ್ನು ತೊಳೆದು ಹೊರಬಿಡುವ ಕಟ್ಟಡ ಅದು. ಮನೆಯವರಲ್ಲಿ ಒಬ್ಬರು ಜೊತೆಗಿರಲೇಬೇಕು. ಕಳೆದ ತಿಂಗಳು ತಂಗಿಯ ಜೊತೆ ನಾನಿದ್ದೆ. ಬೇಸರವಾದಾಗಲೆಲ್ಲ ಅವಳು ನಿಮ್ಮ ಕಥೆ ಹೇಳಿಸಿಕೊಂಡಳು. ತಾಯಿಯಿಂದ ಮಗಳಿಗೆ ಇಳಿದು ಬಂದ ಕಥೆ. ನಿಮ್ಮಿಂದ ನಮಗೆ ದಕ್ಕಿದ್ದು ಅದೊಂದೇ.

ಪೇಟೆಯಲ್ಲಿ ಮೊದಲು ಇಲಿಗಳು ಸತ್ತು ಬಿದ್ದವು, ಆಮೇಲೆ ಮನುಷ್ಯರು. ಹೆಣಕ್ಕೆ ಹೆಗಲು ಸಿಗದಾಯಿತು, ಮದುವೆಗಳು ನಿಂತವು, ಅಣ್ಣನ ಹೊಸ್ತಿಲು ತಮ್ಮ ತುಳಿಯದಾದ. ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿತು. ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಹೆಂಡತಿ ಈರವ್ವನ ಕಂಕುಳಲ್ಲಿ ರೋಗದ ಗಂಟು ಕಂಡ ದಿನ ನೀವು ಮಗನನ್ನೆತ್ತಿಕೊಂಡು ಹೊರಬಿದ್ದಿರಿ. ತಾಯಿಯ ಮಗ್ಗುಲಲ್ಲಿ ಮಲಗಿದ್ದಳೆಂದು ಎಂಟು ವರ್ಷದ ಸಿದ್ದವ್ವನನ್ನೂ ಒಳಗೇ ಬಿಟ್ಟು ಚಿಲಕ ಹಾಕಿದಿರಿ.

“ಏನ್ರೀ, ನಾ ಸಾಯ್ಲಿ. ಕೂಸಿನ್ನರ ಕರಕೊಂಡ ಹೋಗ್ರಿ,” ಎಂದಳು ಈರವ್ವ ಒಳಗಿನಿಂದ.

“ದೇವರ ಮ್ಯಾಲ ಭಾರ ಹಾಕು,” ಎಂದಿರಿ. ಹೊರಿಸಲು ನಿಮಗೆ ದೇವರಾದರೂ ಸಿಕ್ಕ.

ಚಿಲಕ ತೆಗೆದವಳು ಪಕ್ಕದ ಓಣಿಯಲ್ಲಿ ಹತ್ತಿ ಹಿಂಜುತ್ತಿದ್ದ ಹುಸೇನಬಿ. ಗಂಡನನ್ನು ಆಗಷ್ಟೇ ಮಣ್ಣು ಮಾಡಿ ಬಂದಿದ್ದಳು. ಈರವ್ವನಿಗೆ ನೀರು ಕುಡಿಸಿದಳು, ಗಂಜಿ ಉಣಿಸಿದಳು, ಸತ್ತಾಗ ತಾನೇ ಗಾಡಿ ಎಳೆದಳು. ಸಿದ್ದವ್ವನನ್ನು ತನ್ನ ಮನೆಗೆ ಕರೆದೊಯ್ದಳು.

ಬೇಸಗೆ ಬಂದು ರೋಗ ಇಳಿಯಿತು. ಅಷ್ಟರಲ್ಲಿ ಗುಡಿಸಲಲ್ಲಿ ನಿಮ್ಮ ಮಗ ತೀರಿಕೊಂಡಿದ್ದ. ಆಗ ನಿಮಗೆ ಮಗಳು ನೆನಪಾದಳು. ಹಿರಿಯರನ್ನು ಕಟ್ಟಿಕೊಂಡು ಹುಸೇನಬಿಯ ಅಂಗಳಕ್ಕೆ ಬಂದಿರಿ.

“ಹುಡುಗಿಗೆ ಶುದ್ಧಿ ಮಾಡಿಸಿದ್ರ ಆತು,” ಎಂದರು ಹಿರಿಯರು.

ಸಿದ್ದವ್ವ ಹುಸೇನಬಿಯ ಸೆರಗು ಬಿಡಲಿಲ್ಲ. “ಅವ್ವ ನೀರು ನೀರು ಅಂತಿದ್ಲು. ಇಕಿ ಕೊಟ್ಲು. ನಾ ಇಕಿ ಮಗಳು.”

“ಇದು ನನ್ನ ಕೂಸ ಅಲ್ಲ,” ಎಂದು ನೀವು ಧೋತರ ಕೊಡವಿ ನಡೆದಿರಿ. ಮರುವರ್ಷ ಊರಮ್ಮನ ಗುಡಿಗೆ ಕಲ್ಲುಕಂಬ ಕೊಟ್ಟು, ಸಂಕಟದಲ್ಲಿ ಊರು ಕಾದ ಶೆಟ್ಟಿ ಎಂದು ಹೆಸರು ಕೆತ್ತಿಸಿಕೊಂಡಿರಿ. ಕಂಬ ಇನ್ನೂ ನಿಂತಿದೆ. ಮಕ್ಕಳಿಗೆ ತೋರಿಸಿ ನಗುತ್ತೇವೆ.

ನನ್ನ ತಂಗಿ ಗುಣವಾಗಿ ಮನೆಗೆ ಬಂದಳು. ನಿಮಗದು ಬೇಕಾದ ಸುದ್ದಿಯೋ ಅಲ್ಲವೋ ತಿಳಿಯದು.

ಒಂದೇ ಕೋರಿಕೆ. ನೀವಿರುವ ಲೋಕದಲ್ಲಿ ಹುಸೇನಬಿ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡಿ. ಮಾತನಾಡಿಸಲು ಹೋಗಬೇಡಿ. ನೀವು ಯಾರೆಂದು ಆಕೆಗೆ ನೆನಪಿರಲಿಕ್ಕಿಲ್ಲ.