ಹಲಗೆಯ ಇನ್ನೊಂದು ತುದಿ

ಭಾವ,

ನೀವು ಕಣ್ಣು ಮುಚ್ಚಿದಾಗಿನಿಂದ ಬೀಗ ಹಾಕಿದ್ದ ಮರಗೆಲಸದ ಶೆಡ್ಡಿಗೆ ಇವತ್ತು ರೂಟರ್ ಟೇಬಲ್ ತಂದೆ. "ವೈಫೈ ಡಬ್ಬಿಗೆ ಇಷ್ಟು ದೊಡ್ಡ ಸಿಂಹಾಸನವಾ?" ಎಂದಳು ಅಕ್ಕ. ಮರದ ಅಂಚು ಕೊರೆಯುವ ರೂಟರನ್ನು ಮೇಜಿನಡಿ ಬಿಗಿದು, ಹಲಗೆಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಬೇಕೆಂದು ಗಂಭೀರವಾಗಿ ಉಪನ್ಯಾಸ ಕೊಟ್ಟೆ.

"ಒಬ್ರೇ ಮಾಡ್ಬಹುದು ಸಾರ್, ಹಲಗೆ ಹಿಡ್ಕೊಳ್ಳೋಕೆ ಯಾರೂ ಬೇಡ" ಎಂದಿದ್ದ ಅಂಗಡಿಯವನು. ನನ್ನ ಹುದ್ದೆಯನ್ನೇ ರದ್ದು ಮಾಡಿದ ಪುಣ್ಯಾತ್ಮ! ನೀವು ರೂಟರನ್ನು ಕೈಯಲ್ಲೇ ಓಡಿಸುವಾಗ ತುದಿ ಹಿಡಿದು ನಿಲ್ಲುತ್ತಿದ್ದವನು ನಾನಲ್ಲವೇ? "ಭಾಮೈದ, ಹಿಡ್ಕೊಂಡಿದೀಯೋ, ಒರಗಿದೀಯೋ?" ಎಂದು ಬೈಸಿಕೊಳ್ಳುತ್ತಿದ್ದವನೂ ನಾನೇ.

ಮೊದಲ ಹಲಗೆಯನ್ನು ತಳ್ಳತೊಡಗಿದಾಗ ಅಕ್ಕ ಬಂದು ಇನ್ನೊಂದು ತುದಿ ಹಿಡಿದಳು.

"ಅಕ್ಕಾ, ಹಿಡ್ಕೊಂಡಿದೀಯೋ, ಒರಗಿದೀಯೋ?" ಎಂದೆ.

"ಒರಗಿದೀನಿ ಕಣೋ" ಎಂದಳು.