ನಿಲ್ದಾಣದೊಳಗೊಂದು ಕಿಟಕಿ

ಯೋಜನಾ ಇಲಾಖೆಯ ದೊಡ್ಡ ಸಾಹೇಬರೇ,

ನಿಮ್ಮ ಇಪ್ಪತ್ತು ವರ್ಷದ ಯೋಜನೆಯಲ್ಲಿ ನಮ್ಮ ಬೀದಿ ಇರುವ ಜಾಗಕ್ಕೆ ರೈಲು ನಿಲ್ದಾಣ ಬರಬೇಕಿದೆ. ಹೇಗೂ ಕೆಡವುವ ಮನೆಗಳೆಂದು ಒಂದು ಇಟ್ಟಿಗೆ ಅಲುಗಿಸಲೂ ನಮಗೆ ಅನುಮತಿಯಿಲ್ಲ. ಕಾದು ಕಾದು ನಾವೇ ಆ ಬಾರದ ನಿಲ್ದಾಣದಲ್ಲಿ ವಾಸ ಶುರು ಮಾಡಿದ್ದೇವೆ. ದರ್ಜಿಯ ಮನೆಗೆ ಟಿಕೆಟ್ ಕೌಂಟರ್ ಎನ್ನುತ್ತೇವೆ. ನನ್ನ ಇಸ್ತ್ರಿ ಮೇಜಿರುವುದು ಎರಡನೇ ಪ್ಲಾಟ್‌ಫಾರ್ಮಿನಲ್ಲಿ. ಸಂಜೆ ಒದ್ದೆ ಬಟ್ಟೆಯಿಂದ ಹಬೆ ಎದ್ದಾಗ ಇಡೀ ಬೀದಿಯೇ ಮೆಲ್ಲಗೆ ಎಲ್ಲಿಗೋ ಹೊರಟಂತೆ ಕಾಣುತ್ತದೆ.

ಈಗ ದೇಶದ ಬೆಳವಣಿಗೆ ದರ ಕುಸಿದಿದೆ, ನಿಲ್ದಾಣ ಇನ್ನೂ ಹತ್ತು ವರ್ಷ ಮುಂದಕ್ಕೆ ಹೋಗಿದೆ ಎಂದಿದ್ದೀರಿ. ನಿಮ್ಮ ದರ ಕುಸಿದರೆ ನಮ್ಮ ಉಸಿರು ಯಾಕೆ ಕಟ್ಟಬೇಕು? ಹಾಸಿಗೆ ಹಿಡಿದ ನನ್ನ ಅತ್ತೆಯ ಕೋಣೆಗೆ ಒಂದು ಕಿಟಕಿಯೂ ಇಲ್ಲ.

"ರೈಲು ಎಲ್ಲಿಗೆ ಬಂತೇ?" ಎಂದು ದಿನಾ ಕೇಳುತ್ತಾರೆ.

"ದೇಶಕ್ಕೇ ಸುಸ್ತಾಗಿದ್ಯಂತೆ ಅತ್ತೆ, ನಿಧಾನಕ್ಕೆ ಬರ್ತಿದೆ."

"ನನಗಿಂತ ಮುದುಕಿ ಆಯ್ತಲ್ಲೇ ಅದು! ಬರ್ಲಿ ಬಿಡು. ಒಂದು ಕಿಟಕಿ ಇದ್ರೆ ನೋಡ್ತಾ ಮಲಗಿರ್ತೀನಿ."

ಆ ಕಿಟಕಿಗೆ ಅನುಮತಿ ಕೊಡಿ. ಕೊಡದಿದ್ದರೂ ಭಾನುವಾರ ಗೋಡೆ ಒಡೆಯುತ್ತೇವೆ. ಬೀದಿಗೆ ಬೀದಿಯೇ ಬರುತ್ತದೆ, ಗಾರೆಯವನು ಕೂಲಿ ಬೇಡವೆಂದಿದ್ದಾನೆ. ತಡೆಯುವುದಾದರೆ ನೀವೇ ಬನ್ನಿ. ಆ ಕೋಣೆಯಲ್ಲಿ ಅತ್ತೆಯ ಮಂಚದ ಮೇಲೆ ಕೂತು, ಇನ್ನೂ ಹತ್ತು ವರ್ಷ ಕಾಯಿರಿ ಎಂದು ಅವರ ಮುಖ ನೋಡಿ ಹೇಳಿ.

ಆ ಕತ್ತಲಲ್ಲಿ ಮುಖ ಕಂಡರೆ.

ಇಂತಿ,
ನಿಮ್ಮ ನಕ್ಷೆಯೊಳಗೆ ಇನ್ನೂ ಬದುಕಿರುವ
ಇಸ್ತ್ರಿಯವಳು